ಮೊದಲ ಹಣ ಸೂರಿಗೆ ಇಡಿ: ಬ್ರಿಟನ್ನಿನ ಹಳೆಯ ಚಿತ್ರಮಂದಿರ ಕೊಳ್ಳಲು ಹೊರಟ ಸಂಘಗಳಿಗೆ ಒಂದು ಬಹಿರಂಗ ಪತ್ರ

ಇಂಗ್ಲೆಂಡಿನಲ್ಲಿ ಹಳೆಯ ಚಿತ್ರಮಂದಿರವನ್ನು ಕೊಂಡು ಸಮುದಾಯ ಭವನವನ್ನೋ ದೇವಸ್ಥಾನವನ್ನೋ ಮಾಡಬೇಕೆಂದಿರುವ ಕನ್ನಡ ಸಂಘಗಳ ಹಾಗೂ ಇತರ ಭಾರತೀಯ ಸಂಘಗಳ ಪದಾಧಿಕಾರಿಗಳಿಗೆ, ಮತ್ತು ಆಯಾ ಊರಿನ ಕೌನ್ಸಿಲ್‌ಗಳ ಯೋಜನಾ ವಿಭಾಗದವರಿಗೆ.

ಮಾನ್ಯರೇ, ನಮಸ್ಕಾರ.

ಊರ ನಡುಮಧ್ಯೆ, ರೈಲು ನಿಲ್ದಾಣದ ಹತ್ತಿರ, ಸಾವಿರ ಜನ ಕೂರುವ ಸಭಾಂಗಣ, ಸಿದ್ಧ ವೇದಿಕೆ. ಇಷ್ಟಿರುವ ಕಟ್ಟಡ ಮಾರಾಟಕ್ಕೆ ಬಂದರೆ, ಶಾಲೆಗಳ ಹಾಲ್‌ಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು ಯುಗಾದಿ, ರಾಜ್ಯೋತ್ಸವ ನಡೆಸುವ ಸಂಘಗಳಿಗೆ ಆಸೆ ಹುಟ್ಟುವುದು ಸಹಜ. ಆ ಆಸೆಗೆ ಅಡ್ಡ ಬರಲು ಈ ಪತ್ರ ಬರೆಯುತ್ತಿಲ್ಲ. ಬ್ರಿಟನ್ನಿನಲ್ಲಿ 1946ರಲ್ಲಿ 163.5 ಕೋಟಿ ಸಿನಿಮಾ ಟಿಕೆಟ್ ಮಾರಾಟವಾಗಿದ್ದವು. 1984ಕ್ಕೆ ಅದು 5.4 ಕೋಟಿಗೆ ಇಳಿಯಿತು. ಆ ಕುಸಿತದ ನಡುವೆಯೂ ನಿಂತ ದೊಡ್ಡ ಚಿತ್ರಮಂದಿರಗಳಲ್ಲಿ ಹಲವು ಉಳಿದದ್ದು ಸಿನಿಮಾ ಬಿಟ್ಟು ಬೇರೆ ಕೆಲಸಕ್ಕೆ ಒದಗಿದ್ದರಿಂದಲೇ. 1960ರ ಕಾಯ್ದೆ ಬಿಂಗೋ ಆಟಕ್ಕೆ, ಅಂದರೆ ಹಣ ಕಟ್ಟಿ ಆಡುವ ತಂಬೋಲದಂಥ ಅಂಕಿಯಾಟಕ್ಕೆ, ದಾರಿ ಮಾಡಿಕೊಟ್ಟಿತು. ಅದರ ಕಾಲ ಇಳಿಯುತ್ತ ಬಂದಂತೆ ಚರ್ಚುಗಳು, ಸಮುದಾಯಗಳು ಬಂದವು. ಲಂಡನ್ನಿನ ಕಿಲ್ಬರ್ನ್‌ನಲ್ಲಿ ಜಾರ್ಜ್ ಕೋಲ್ಸ್ 1937ರಲ್ಲಿ ಕಟ್ಟಿದ, 4,004 ಆಸನಗಳ ಗೌಮಾಂಟ್ ಸ್ಟೇಟ್ ಇಂದು ಚರ್ಚು. ರೇನರ್ಸ್ ಲೇನ್‌ನಲ್ಲಿ ಎಫ್. ಇ. ಬ್ರೋಮಿಜ್ 1936ರಲ್ಲಿ ಕಟ್ಟಿದ ಗ್ರೋವ್ನರ್, ಮುಂಭಾಗದಲ್ಲಿ ಆನೆಯ ಸೊಂಡಿಲಿನಂತೆ ಬಾಗಿ ಇಳಿಯುವ ಕಾಂಕ್ರೀಟಿನ ಕಟ್ಟಡ, ಇಂದು ಜರತುಷ್ಟ್ರ ಧರ್ಮೀಯರ ಕೇಂದ್ರ. ಸೌತಾಲ್‌ನಲ್ಲಿ ಕೋಲ್ಸ್ 1929ರಲ್ಲಿ ಚೀನೀ ಶೈಲಿಯಲ್ಲಿ ಕಟ್ಟಿದ ಪ್ಯಾಲೇಸ್, ಮುಂದೆ ಲಿಬರ್ಟಿ ಎಂದೂ ಹಿಮಾಲಯ ಪ್ಯಾಲೇಸ್ ಎಂದೂ ಹೆಸರು ಪಡೆದು ಭಾರತೀಯ ಚಿತ್ರಗಳನ್ನು ತೋರಿಸಿತು. ನಮ್ಮವರಿಗೂ ಈ ಕಟ್ಟಡಗಳಿಗೂ ನಂಟು ಹೊಸದಲ್ಲ.

ನಾವು ಹೇಳಬೇಕಾದದ್ದು ಒಂದೇ. ಮೊದಲ ಹಣ ಸೂರಿಗೆ, ಎರಡನೆಯದು ಒಳಚಾವಣಿಗೆ. ಕಾರ್ಪೆಟ್ಟು, ಬಣ್ಣ, ಧ್ವನಿವರ್ಧಕ, ಅಡುಗೆಮನೆ ಎಲ್ಲವೂ ಆಮೇಲೆ. ಈ ಸರದಿ ತಪ್ಪಿದಾಗಲೇ ಇಂಥ ಕಟ್ಟಡಗಳು ಹಾಳಾಗುವುದು.

ಕಾರಣ ತಿಳಿಯಲು ಈ ಚಿತ್ರಮಂದಿರಗಳನ್ನು ಹೇಗೆ ಕಟ್ಟಿದರೆಂದು ನೋಡಬೇಕು. ದಕ್ಷಿಣ ಲಂಡನ್ನಿನ ಟೂಟಿಂಗ್‌ನಲ್ಲಿರುವ 1931ರ ಗ್ರನಾಡಾ ಬ್ರಿಟನ್ನಿನ ಚಿತ್ರಮಂದಿರಗಳಲ್ಲೇ ಕಿರೀಟಪ್ರಾಯವಾದದ್ದು, ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಅತ್ಯುನ್ನತ ದರ್ಜೆಯಾದ ಗ್ರೇಡ್ ಒಂದರಲ್ಲಿದೆ. ಹೊರಗಟ್ಟಡ ಸೆಸಿಲ್ ಮೇಸಿಯದು, ಒಳಾಂಗಣ ರಂಗ ನಿರ್ದೇಶಕ ಥಿಯೊಡೋರ್ ಕೊಮಿಸಾರ್ಜೆವ್‌ಸ್ಕಿಯದು. ಒಳಗೆ ಕಾಲಿಟ್ಟರೆ ಗಾಥಿಕ್ ಕಮಾನುಗಳು, ಕನ್ನಡಿಗಳ ಮೊಗಸಾಲೆ. ಯಾವುದೋ ಮಧ್ಯಯುಗದ ಕೆಥೆಡ್ರಲ್ ಹೊಕ್ಕಂತೆ ಕಾಣುತ್ತದೆ. ಆದರೆ ಅಲ್ಲಿ ಕಲ್ಲಿನಂತೆ ತೋರುವುದು ಕಲ್ಲಲ್ಲ. ಹೊರಗೆ ಇಟ್ಟಿಗೆ ಗೋಡೆ, ಒಳಗೆ ಉಕ್ಕಿನ ತೊಲೆಗಳು, ಮೇಲೆ ಉಕ್ಕಿನ ಟ್ರಸ್ಸುಗಳ (ತ್ರಿಕೋನ ಚೌಕಟ್ಟುಗಳ) ಸೂರು. ಲೆಕ್ಕಕ್ಕೆ ಅದೊಂದು ದೊಡ್ಡ ಶೆಡ್ಡು. ಆ ಶೆಡ್ಡಿನೊಳಗೆ ತೂಗುಹಾಕಿದ ತೆಳು ಗಾರೆಯ ಪದರವೇ ನಾವು ನೋಡುವ ಚಿತ್ರಮಂದಿರ. ಫಿನ್ಸ್‌ಬರಿ ಪಾರ್ಕಿನ 1930ರ ಆಸ್ಟೋರಿಯಾದಲ್ಲಿ ಪ್ರೇಕ್ಷಕರ ಸುತ್ತ ಎದ್ದ ಸ್ಪೇನ್ ದೇಶದ ಹಳ್ಳಿಯೂ ತಲೆಯ ಮೇಲಿನ ಆಕಾಶವೂ ಇದೇ ಗಾರೆ. ಆದ್ದರಿಂದ ರಸ್ತೆಯ ಕಡೆಯ ಮುಂಗೋಡೆ ಉಳಿಸಿ ಹಿಂದಿನದನ್ನು ಬದಲಿಸುತ್ತೇವೆ ಎನ್ನುವ ಯೋಜನೆ ಚಿತ್ರಮಂದಿರವನ್ನು ಉಳಿಸುವುದಿಲ್ಲ. ಬ್ರಿಟನ್ನಿನ ಎಷ್ಟೋ ಚಿತ್ರಮಂದಿರಗಳಲ್ಲಿ ಮುಂಗೋಡೆ ಸಾಧಾರಣ. ಇದ್ದ ಹಣವನ್ನೆಲ್ಲ ಒಳಗೇ ಸುರಿದಿದ್ದರು.

ಈ ಗಾರೆಯ ತಂತ್ರಕ್ಕೆ 1856ರಲ್ಲಿ ದೆಸಾಶಿ ಎಂಬಾತ ಪೇಟೆಂಟ್ ಪಡೆದ. ಅಚ್ಚಿನೊಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನು ತೆಳುವಾಗಿ ಬಳಿದು, ಅದು ಗಟ್ಟಿಯಾಗುವ ಮೊದಲೇ ಗೋಣಿನಾರಿನ ಬಟ್ಟೆ ಹಾಸಿ, ಅಂಚಿಗೂ ನಡುವಿಗೂ ಮರದ ರೀಪು ಕೂರಿಸಿ, ಮೇಲೆ ಇನ್ನೊಂದು ಪದರ ಬಳಿಯುತ್ತಾರೆ. ಸಿದ್ಧವಾದ ಹಲಗೆ ಹೆಬ್ಬೆರಳಿನ ದಪ್ಪವೂ ಇರುವುದಿಲ್ಲ. ಕಾರ್ಖಾನೆಯಲ್ಲಿ ಎರಕ ಹೊಯ್ದ ಇಂಥ ನೂರಾರು ಹಲಗೆಗಳನ್ನು ಕಟ್ಟಡಕ್ಕೆ ತಂದು, ಸೂರಿಗೂ ಒಳಚಾವಣಿಗೂ ನಡುವಿನ ಅಟ್ಟದ ಉಕ್ಕಿಗೋ ಮರದ ತೊಲೆಗೋ ಬಿಗಿಯುತ್ತಿದ್ದರು. ಬಿಗಿಯುವುದು ಮೊಳೆಯಿಂದಲ್ಲ. ಗಾರೆಯಲ್ಲಿ ಅದ್ದಿದ ಗೋಣಿ ಪಟ್ಟಿಯನ್ನು ಹಲಗೆಯ ರೀಪಿಗೂ ಮೇಲಿನ ತೊಲೆಗೂ ಸುತ್ತಿ ಕಟ್ಟುತ್ತಿದ್ದರು. ಕೆಲವೆಡೆ ಒಳಗೆ ತಂತಿಯನ್ನೂ ಸೇರಿಸುತ್ತಿದ್ದರು. ಈ ಕಟ್ಟುಗಳಿಗೆ ಇಲ್ಲಿನ ಕೆಲಸಗಾರರು ವಾಡ್ ಎನ್ನುತ್ತಾರೆ. ಟನ್ನುಗಟ್ಟಲೆ ಅಲಂಕಾರ ಜನರ ತಲೆಯ ಮೇಲೆ ನಿಂತಿರುವುದು ಈ ಗೋಣಿ ಕಟ್ಟುಗಳ ಬಲದಿಂದ.

ಗೋಣಿನಾರು ಸಸ್ಯದಿಂದ ಬಂದದ್ದು. ತೇವ ಕುಡಿದರೆ ಕೊಳೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೂ ಹೋದ ಬಲ ಮರಳಿ ಬರುವುದಿಲ್ಲ. ಮೇಲಿನ ಗಾರೆ ಗಟ್ಟಿಯಾಗಿಯೇ ಕಾಣುವುದರಿಂದ ಕಣ್ಣಳತೆಯಲ್ಲಿ ಇದು ಗೊತ್ತಾಗದು. ಒಂದು ಕಟ್ಟು ಸೋತಾಗ ಅದರ ಭಾರ ಪಕ್ಕದ ಕಟ್ಟುಗಳಿಗೆ ಹೋಗುತ್ತದೆ. ಅವೂ ಅಷ್ಟೇ ಹಳೆಯವು, ಅಷ್ಟೇ ನೆನೆದವು. ಹೀಗಾಗಿ ಬಿದ್ದರೆ ಚೂರು ಬೀಳುವುದಿಲ್ಲ, ಇಡೀ ಅಂಕಣವೇ ಕಳಚುತ್ತದೆ. 2013ರ ಡಿಸೆಂಬರ್ 19ರಂದು ಲಂಡನ್ನಿನ ಅಪೊಲೊ ರಂಗಮಂದಿರದಲ್ಲಿ ಪ್ರದರ್ಶನದ ನಡುವೆ ಒಳಚಾವಣಿ ಕುಸಿದು ಹಲವರು ಗಾಯಗೊಂಡದ್ದು ಹೀಗೆಯೇ. ಅದು 1901ರ ನಾಟಕ ಶಾಲೆ, ಚಿತ್ರಮಂದಿರವಲ್ಲ. ತಂತ್ರ ಮಾತ್ರ ಒಂದೇ. 1930ರ ಸುಮಾರಿನ ಒಳಚಾವಣಿಗಳಿಗೂ ಈಗ ತೊಂಬತ್ತು ದಾಟಿದೆ.

ಆದ್ದರಿಂದ ಮುಂಗಡ ಕೊಡುವ ಮೊದಲು ಈ ಗಾರೆ ಬಲ್ಲ ತಜ್ಞರಿಂದ ಒಳಚಾವಣಿಯ ಸಮೀಕ್ಷೆ ಮಾಡಿಸಿ. ಸಾಮಾನ್ಯ ಮನೆ ಸರ್ವೇ ಮಾಡುವವರಿಂದ ಆಗುವ ಕೆಲಸ ಇದಲ್ಲ. ಸಮೀಕ್ಷೆ ಎರಡು ಕಡೆಯಿಂದ ಆಗಬೇಕು. ಮೇಲಿನಿಂದ, ಅಂದರೆ ಅಟ್ಟದೊಳಗಿನಿಂದ, ದೂಳನ್ನು ಮೃದು ಬ್ರಷ್ಷಿನಿಂದಲೂ ವ್ಯಾಕ್ಯೂಮಿನಿಂದಲೂ ತೆಗೆದು, ಚಾವಣಿಯ ನಕ್ಷೆಯ ಮೇಲೆ ಚೌಕಗಳನ್ನೆಳೆದು, ಪ್ರತಿ ಕಟ್ಟಿಗೂ ಅಂಕಿ ಕೊಟ್ಟು ಸ್ಥಿತಿ ಬರೆಯಬೇಕು. ಕೆಳಗಿನಿಂದ ಎತ್ತರದ ಅಟ್ಟಣಿಗೆ ಏರಿ ಬಿರುಕು, ನೀರಿನ ಕಲೆ, ಹಲಗೆಗಳ ಸಂದಿನಲ್ಲಿ ಏರಿಳಿತ ನೋಡಬೇಕು. ಸಂದು ಸಮತಟ್ಟಾಗಿಲ್ಲದೆ ಒಂದು ಅಂಚು ಕೆಳಗೆ ಜಗ್ಗಿದ್ದರೆ ಅಲ್ಲಿ ಮೇಲಿನ ಕಟ್ಟು ಬಿಟ್ಟಿದೆ ಎಂದೇ ತಿಳಿಯಿರಿ. ಅಂಥ ಅಂಕಣದ ಕೆಳಗೆ ಯಾರೂ ಕೂರಬಾರದು. ಅಟ್ಟದಲ್ಲಿ ಓಡಾಡಲು ಉಕ್ಕಿನ ಮೇಲೆ ನಿಂತ ನಡೆಹಲಗೆ ಬೇಕು. ಚಾವಣಿಯ ಗಾರೆಯ ಮೇಲೆ ಕಾಲಿಟ್ಟರೆ ಕೆಲಸಗಾರನೇ ಕೆಳಗಿರುತ್ತಾನೆ. ಬಿಂಗೋ ಕಾಲದ ತೂಗು ಚಾವಣಿ ಅಡ್ಡವಿದ್ದರೆ ಅದರಲ್ಲಿ ತಪಾಸಣೆಯ ಕಿಂಡಿ ತೆರೆಸಿ. ಎಷ್ಟೋ ಕಡೆ ಅದರ ಮೇಲೆ ಮೂಲ ಗಾರೆ, ಮೂಲ ಬಣ್ಣದ ಸಮೇತ, ಹಾಗೆಯೇ ಕಾಯುತ್ತಿರುತ್ತದೆ.

ಸೋತ ಕಟ್ಟಿನ ದುರಸ್ತಿಗೆ ಹೊಸ ಗೋಣಿಯನ್ನೋ ಗಾಜಿನ ನಾರಿನ ಬಟ್ಟೆಯನ್ನೋ ಗಾರೆಯಲ್ಲಿ ಅದ್ದಿ ಹಳೆಯದರ ಪಕ್ಕದಲ್ಲೇ ಕಟ್ಟುತ್ತಾರೆ. ತುಕ್ಕು ಹಿಡಿಯದ ತಂತಿಯ ಆಸರೆಯನ್ನೂ ಕೊಡುತ್ತಾರೆ. ಹಳೆಯದನ್ನು ಕಿತ್ತೆಸೆಯಬೇಕಿಲ್ಲ. ಗುತ್ತಿಗೆದಾರರು ಸುಲಭದ ದಾರಿ ಹೇಳಿದಾಗ ಎಚ್ಚರವಿರಲಿ. ಉಬ್ಬುವ ಫೋಮ್ ತುಂಬಿಸಿದರೆ ಆಮೇಲೆ ಯಾವ ಕಟ್ಟನ್ನೂ ನೋಡಲಾಗುವುದಿಲ್ಲ. ಶಾಖ ಉಳಿಸಲು ಉಣ್ಣೆಯ ಹಾಸನ್ನು ನೇರ ಗಾರೆಯ ಮೇಲೆ ಹರವಿದರೆ ಭಾರವೂ ಹೆಚ್ಚುತ್ತದೆ, ಸೋರಿದ ನೀರು ಅದರಲ್ಲೇ ನಿಲ್ಲುತ್ತದೆ. ಕುಟ್ಟುವ ಡ್ರಿಲ್ಲನ್ನು ಹತ್ತಿರವೂ ತರಬೇಡಿ. ಧ್ವನಿವರ್ಧಕ, ದೀಪದ ಸರಳು, ಪ್ರೊಜೆಕ್ಟರ್ ಯಾವುದನ್ನೂ ಒಳಚಾವಣಿಗೆ ತೂಗುಹಾಕುವಂತಿಲ್ಲ. ಎಂಜಿನಿಯರ್ ಲೆಕ್ಕ ಹಾಕಿ ಒಪ್ಪಿದ ಮೇಲೆ, ಇರುವ ಕಿಂಡಿಗಳ ಮೂಲಕ, ಉಕ್ಕಿನ ಟ್ರಸ್ಸಿಗೆ. ವರ್ಷಗಟ್ಟಲೆ ತಣ್ಣಗೆ ಮುಚ್ಚಿದ್ದ ಕಟ್ಟಡವನ್ನು ಉದ್ಘಾಟನೆಯ ಹಿಂದಿನ ವಾರ ಒಮ್ಮೆಲೇ ಕಾಯಿಸಿದರೂ ಗಾರೆ ಬಿರಿಯುತ್ತದೆ. ವಾರಗಳ ಅವಧಿಯಲ್ಲಿ ನಿಧಾನವಾಗಿ ಬೆಚ್ಚಗಾಗಿಸಿ.

ಆದರೆ ಸೂರು ಸೋರುತ್ತಿರುವಾಗ ಇದನ್ನೆಲ್ಲ ಮಾಡಿ ಫಲವಿಲ್ಲ. ಈ ಕಟ್ಟಡಗಳ ಮುಂಗೋಡೆಯನ್ನು ಇಳಿಜಾರು ಸೂರು ಕಾಣದಿರಲೆಂದು ಎತ್ತರಿಸಿ ಕಟ್ಟಿದ್ದಾರೆ. ಹಾಗಾಗಿ ಮಳೆನೀರಿನ ದೋಣಿ ಗೋಡೆಯ ಹೊರಗಿಲ್ಲ, ಅದರ ಹಿಂಬದಿಯಲ್ಲಿದೆ. ನಮ್ಮ ಹೆಂಚಿನ ಮನೆಯ ದೋಣಿ ಕಟ್ಟಿಕೊಂಡರೆ ನೀರು ಅಂಗಳಕ್ಕೆ ಸುರಿಯುತ್ತದೆ, ಇಲ್ಲಿ ಅದು ಒಳಗೇ ಇಳಿಯುತ್ತದೆ. ಒಂದು ಪಾರಿವಾಳದ ಗೂಡು, ಒಂದು ಹಿಡಿ ಎಲೆ ಸಾಕು. ಎಲೆ ಉದುರಿ ಮುಗಿದ ಮೇಲೆ ಒಮ್ಮೆ, ವಸಂತದಲ್ಲಿ ಇನ್ನೊಮ್ಮೆ, ದೋಣಿಗಳನ್ನು ಬರಿದು ಮಾಡಿಸುವ ಕರಾರನ್ನು ಕೀಲಿಕೈ ಪಡೆದ ದಿನವೇ ಮಾಡಿಕೊಳ್ಳಿ. ದೋಣಿ ತುಂಬಿದರೆ ಹೆಚ್ಚುವರಿ ನೀರು ಗೋಡೆಯಾಚೆ ಚಿಮ್ಮುವಂತೆ ಒಂದು ಕೊಳವೆ ಕೂರಿಸಿ, ಅದು ರಸ್ತೆಯಿಂದ ಕಾಣುವಂತಿರಲಿ. ಅಲ್ಲಿ ನೀರು ಬಿದ್ದರೆ ಒಳಗೆ ಕಟ್ಟಿಕೊಂಡಿದೆ ಎಂಬ ಸೂಚನೆ ಸಿಗುತ್ತದೆ. ಗೋಡೆಯ ಮೂಲೆಗಳೊಳಗೆ ಹುದುಗಿದ ಬೀಡುಕಬ್ಬಿಣದ ಕೊಳವೆಗಳೊಳಗೆ ಕ್ಯಾಮೆರಾ ಇಳಿಸಿ ನೋಡಿಸಿ. ವೇದಿಕೆಯ ಎರಡು ಬದಿಯ ಗಾರೆ ಮೊದಲು ಹಾಳಾಗುವುದು ಬಹಳ ಸಲ ಇವುಗಳಿಂದ. ಅಟ್ಟದ ಮರದಲ್ಲಿ ತೇವ 20%ಕ್ಕಿಂತ ಮೇಲಿದ್ದರೆ ಕೊಳೆತ ಶುರುವಾಗಬಹುದು. ತೇವಾಂಶ ದಾಖಲಿಸುವ ಸಣ್ಣ ಯಂತ್ರಗಳನ್ನು ಅಟ್ಟದಲ್ಲೂ ಸಭಾಂಗಣದಲ್ಲೂ ಇಟ್ಟು ಪೂರ್ತಿ ಒಂದು ಚಳಿಗಾಲ ಅಳೆಯಿರಿ. ಸೂರಿನ ಹೊದಿಕೆ ಆಸ್ಬೆಸ್ಟಾಸ್ ಸಿಮೆಂಟಿನ ಹಾಳೆಯಾಗಿದ್ದರೆ ಸ್ವಯಂಸೇವಕರನ್ನು ಅದರ ಮೇಲೆ ಹತ್ತಿಸಲೇಬೇಡಿ. ಹಳತಾದ ಹಾಳೆ ಮನುಷ್ಯನ ತೂಕಕ್ಕೆ ಒಡೆಯುತ್ತದೆ.

ಆಸ್ಬೆಸ್ಟಾಸ್, ಉಸಿರಿನೊಳಗೆ ಹೋದರೆ ಶ್ವಾಸಕೋಶಕ್ಕೆ ಕುತ್ತಾಗುವ ಆ ನಾರು, ಅಲ್ಲೊಂದೇ ಇರುವುದಿಲ್ಲ. ಬೇಗ ಹೊತ್ತಿಕೊಳ್ಳುವ ಹಳೆಯ ನೈಟ್ರೇಟ್ ಫಿಲಮ್ಮಿನ ಭಯದಿಂದ 1909ರ ಕಾಯ್ದೆ ಪ್ರೊಜೆಕ್ಷನ್ ಕೋಣೆಯನ್ನು ಸಭಾಂಗಣದಿಂದ ಬೇರ್ಪಡಿಸಿ ಬೆಂಕಿ ತಡೆಯುವಂತೆ ಕಟ್ಟಬೇಕೆಂದಿತು. ಅಲ್ಲಿನ ಕಿಂಡಿಗಳ ಮೇಲೆ ಬೀಳುವ ಲೋಹದ ಮುಚ್ಚಳಗಳು ಚರಿತ್ರೆಯ ವಸ್ತುಗಳು, ಉಳಿಸಿಕೊಳ್ಳಿ; ಆದರೆ ಗೋಡೆಗೆ ಹೊಡೆದ ಹಲಗೆ, ಬಾಯ್ಲರ್ ಕೊಳವೆಯ ಸುತ್ತು, ವೇದಿಕೆಯ ಬೆಂಕಿ ಪರದೆ ಇವುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಗೋಡೆ ಬಿಚ್ಚುವ, ಕೊರೆಯುವ ಕೆಲಸವಿದ್ದರೆ ನವೀಕರಣ ಮಟ್ಟದ ಸಮೀಕ್ಷೆ ಕಾನೂನಿನಂತೆ ಕಡ್ಡಾಯ. ಕಟ್ಟಡ ಮಾರುವವರು ಕೊಡುವ ಸಾಮಾನ್ಯ ನಿರ್ವಹಣಾ ವರದಿ ಅದಕ್ಕೆ ಸಾಲುವುದಿಲ್ಲ.

ಇನ್ನು ನಮ್ಮ ಬಳಕೆಯ ವಿಷಯ. ಸಂಘಗಳ ಮೊದಲ ಬೇಡಿಕೆ ಸಮತಟ್ಟು ನೆಲ, ಪಂಕ್ತಿ ಊಟಕ್ಕೆ, ಮದುವೆಗೆ, ಕುಣಿತಕ್ಕೆ. ಚಿತ್ರಮಂದಿರದ ನೆಲ ಇಳಿಜಾರು. ಅದನ್ನು ಒಡೆದು ಕಾಂಕ್ರೀಟು ತುಂಬಬೇಡಿ. ಇಳಿಜಾರಿನ ಮೇಲೆ ಉಕ್ಕಿನ ಕಾಲುಗಳ ಮರದ ಅಟ್ಟಣಿಗೆ ಹಾಕಿ, ಬೇಕೆಂದಾಗ ಬಿಚ್ಚುವಂತಿರಲಿ. ಕುರ್ಚಿಗಳ ಅಡಿಯ ಗಾಳಿಯ ಜಾಲರಿಗಳಿಗೆ ಮೇಲೂ ಕಿಂಡಿ ಬಿಡಿ, ಪಕ್ಕದ ಗಾರೆಯ ಅಲಂಕಾರಕ್ಕೆ ಅಟ್ಟಣಿಗೆ ತಾಗದಿರಲಿ, ಆಪತ್ತಿನ ಬಾಗಿಲುಗಳ ಹೊಸ್ತಿಲ ಮಟ್ಟಕ್ಕೆ ಹೊಂದಲಿ. ಭಾರದ ಲೆಕ್ಕವೂ ಬದಲಾಗುತ್ತದೆ. ಈಗಿನ ಸಂಹಿತೆಯಂತೆ ನೆಲಕ್ಕೆ ಬಿಗಿದ ಆಸನಗಳಿದ್ದಲ್ಲಿ ಚದರ ಮೀಟರಿಗೆ 4 ಕಿಲೋನ್ಯೂಟನ್ (ಸುಮಾರು 400 ಕಿಲೋ ತೂಕ), ಆಸನವಿಲ್ಲದ ಜನಸಂದಣಿಗೆ, ಕುಣಿತಕ್ಕೆ 5. ಬಾಲ್ಕನಿಗೆ ಇದು ಇನ್ನೂ ಮುಖ್ಯ. ಮುಂದಕ್ಕೆ ಚಾಚಿದ ಆ ಉಕ್ಕನ್ನು ಕುಳಿತು ನೋಡುವವರಿಗಾಗಿ ಹಾಕಿದ್ದು. ಡೊಳ್ಳಿಗೋ ಹಾಡಿಗೋ ನೂರಾರು ಜನ ಅಲ್ಲಿ ಒಂದೇ ಲಯದಲ್ಲಿ ಕುಣಿದರೆ ಬಾಲ್ಕನಿ ತುಯ್ಯುತ್ತದೆ, ಅದರ ಕೆಳಮೈಯ ಗಾರೆ ಸಡಿಲವಾಗುತ್ತದೆ. ಬಾಲ್ಕನಿಯ ಆಸನಗಳನ್ನು ಕೀಳಬೇಡಿ, ಅಲ್ಲಿ ಕುಣಿತ ಬೇಡ.

ಅಡುಗೆಮನೆ ಸಭಾಂಗಣದೊಳಗೆ ಬೇಡವೇ ಬೇಡ. ಒಗ್ಗರಣೆಯ ಜಿಡ್ಡು, ಅನ್ನದ ಹಬೆ ಮೇಲೇರಿ ತಣ್ಣನೆಯ ಗಾರೆಯ ಮೇಲೆ ಕೂರುತ್ತವೆ; ಜಿಡ್ಡಿಗೆ ದೂಳು ಅಂಟಿದರೆ ಬಣ್ಣ ಕಿತ್ತು ಬಾರದೆ ಸ್ವಚ್ಛವಾಗದು. ವೇದಿಕೆಯ ಹಿಂಬದಿ ಅಥವಾ ಪಕ್ಕದ ಹೊಸ ಕಟ್ಟಡದಲ್ಲಿ, ಪ್ರತ್ಯೇಕ ಹೊಗೆನಾಳದೊಂದಿಗೆ ಮಾಡಿ. ಹೋಮದ ಮಾತನ್ನೂ ಬಿಚ್ಚಿ ಹೇಳಬೇಕು. ಗೋಣಿ, ಮರದ ರೀಪು, ತೊಂಬತ್ತು ವರ್ಷದ ದೂಳು ತುಂಬಿದ ಅಟ್ಟದ ಕೆಳಗೆ ತೆರೆದ ಬೆಂಕಿ ಹಾಕುವಂತಿಲ್ಲ. ಹಿತ್ತಲಲ್ಲಿ, ಹಳೆಯ ಕಾರು ನಿಲ್ದಾಣದ ಜಾಗದಲ್ಲಿ, ಅದಕ್ಕೊಂದು ಮಂಟಪ ಕಟ್ಟಿಕೊಳ್ಳುವುದೇ ಸರಿ.

1970ರ ದಶಕದಲ್ಲಿ ಎಷ್ಟೋ ಚಿತ್ರಮಂದಿರಗಳನ್ನು ಮೂರು ಪರದೆಗಳಾಗಿ ಒಡೆದರು. ಬಾಲ್ಕನಿಯ ಅಂಚಿನಿಂದ ನೆಲಕ್ಕೆ ಹಗುರ ಗೋಡೆ ಇಳಿಸಿ ಕೆಳಗೆ ಎರಡು ಸಣ್ಣ ಹಾಲ್ ಮಾಡಿ, ಬಾಲ್ಕನಿಯನ್ನು ಮೂರನೆಯದಾಗಿಸಿದರು. ಅಂಥ ಕಟ್ಟಡ ಸಿಕ್ಕರೆ ಅದನ್ನು ದುರದೃಷ್ಟ ಎಂದುಕೊಳ್ಳಬೇಡಿ. ಆ ಗೋಡೆಯನ್ನು ನಾಜೂಕಾಗಿ ಬಿಚ್ಚಿದರೆ ಪೂರ್ತಿ ಸಭಾಂಗಣ ಮರಳಿ ಸಿಗುತ್ತದೆ. ಬಿಚ್ಚುವಾಗ ಬಾಲ್ಕನಿಯ ಮುಂಪಟ್ಟಿಯ ಗಾರೆಗೆ ಹೊಡೆದ ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿಯೇ ತೆಗೆಯಬೇಕು, ಎಳೆದರೆ ಮುಂಪಟ್ಟಿ ಜೊತೆಗೇ ಬರುತ್ತದೆ.

ಬೆಳಕು ಮತ್ತು ಬಣ್ಣದಲ್ಲಿ ಸಂಘಗಳು ಎಡವುವುದು ಹೆಚ್ಚು, ಹಣ ಉಳಿಸುವ ದಾರಿಯಿರುವುದೂ ಅಲ್ಲೇ. ಈ ಸಭಾಂಗಣಗಳ ಬೆಳಕು ನೇರವಾಗಿ ಕೆಳಗೆ ಬೀಳುತ್ತಿರಲಿಲ್ಲ. ಗಾರೆಯ ಮಡಿಕೆಗಳ ಹಿಂದೆ ಅಡಗಿಸಿದ ಕೆಂಪು, ಹಸಿರು, ನೀಲಿ ದೀಪಸಾಲುಗಳನ್ನು ಬೇರೆ ಬೇರೆ ಮಂದಕಾರಿಗಳಿಂದ ನಡೆಸಿ ಚಾವಣಿಯನ್ನೇ ಬೆಳಗಿಸುತ್ತಿದ್ದರು. ಆ ಮಡಿಕೆಗಳು ಈಗಲೂ ಇರುತ್ತವೆ. ದೂಳು ತೆಗೆಸಿ, ಮಂದಗೊಳಿಸಬಲ್ಲ ಎಲ್‌ಇಡಿ ಪಟ್ಟಿಗಳನ್ನು ಅಲ್ಲೇ ಕೂರಿಸಿದರೆ ಚಾವಣಿಗೆ ಹೊಸ ತೂತು ಕೊರೆಯದೆ ಸಭಾಂಗಣ ಎದ್ದು ನಿಲ್ಲುತ್ತದೆ. ಬಿಳಿ ಬೆಳಕು ಬೇಕಿದ್ದರೆ 2700 ಕೆಲ್ವಿನ್ ಬೆಚ್ಚನೆಯದು ಆರಿಸಿ. ಆಸ್ಪತ್ರೆಯ ನೀಲಿಬಿಳುಪಿನಲ್ಲಿ ಹೊಂಬಣ್ಣ ಕೆಸರಿನಂತೆ ಕಾಣುತ್ತದೆ. ಬಣ್ಣ ಬಳಿಸುವ ಮೊದಲು ನಾಲ್ಕಾರು ಕಡೆ ಚೂರು ತೆಗೆಸಿ ಸೂಕ್ಷ್ಮದರ್ಶಕದಲ್ಲಿ ಪದರಗಳನ್ನು ನೋಡಿಸಿ. ಬಿಂಗೋ ಕಾಲದ ಢಾಳು ಕೆಂಪು ನೀಲಿಯ ಕೆಳಗೆ ಬೆಳ್ಳಿ, ಕಂಚು, ಮಾಸಲು ಹೊನ್ನಿನ ಛಾಯೆಗಳಿರುತ್ತವೆ. ಹಳೆಯ ಡಿಸ್ಟೆಂಪರಿನ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಹೊಡೆದರೆ ಅದು ಒಣಗುವಾಗ ಕೆಳಗಿನ ಪದರವನ್ನೂ ಎಳೆದುಕೊಂಡು ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ವೇದಿಕೆಯ ಪಕ್ಕದ ಜಾಲರಿಗಳ ಹಿಂದೆ ಕಾಂಪ್ಟನ್ ಅಥವಾ ವರ್ಲಿಟ್ಸರ್ ಕಂಪನಿಯ ಆರ್ಗನ್ ವಾದ್ಯದ ಕೊಳವೆಗಳಿದ್ದರೆ ಆ ಕೋಣೆಯನ್ನು ಉಗ್ರಾಣ ಮಾಡಿಕೊಳ್ಳಬೇಡಿ, ಬಲ್ಲವರನ್ನು ಕರೆಸಿ.

ಮುಂಗೋಡೆಯ ಮೇಲಿನ ಹೊಳಪು ಲೇಪದ ಸುಟ್ಟಮಣ್ಣಿನ ಬಿಲ್ಲೆಗಳ ಬಗ್ಗೆ ಎರಡೇ ಮಾತು. ಇವನ್ನು ಮರಳು ಹೊಡೆದಾಗಲಿ ಆಮ್ಲ ಹಾಕಿಯಾಗಲಿ ತೊಳೆಯಬಾರದು. ಲೇಪ ಹೋದರೆ ಮಣ್ಣು ನೀರು ಕುಡಿಯುತ್ತದೆ, ಒಳಗಿನ ಉಕ್ಕು ತುಕ್ಕು ಹಿಡಿದು ಉಬ್ಬಿ ಬಿಲ್ಲೆಯನ್ನು ಹೊರದಬ್ಬುತ್ತದೆ. ಒಡೆದದ್ದಕ್ಕೆ ಹೊಸದು ಮಾಡಿಸುವಾಗ ಮಣ್ಣು ಒಣಗಿ ಸುಟ್ಟಾಗ ಅಡಿಗೆ ಒಂದು ಅಂಗುಲದಷ್ಟು ಕುಗ್ಗುವುದರಿಂದ ಅಚ್ಚನ್ನು ದೊಡ್ಡದಾಗಿ ಮಾಡಬೇಕು. ತಿಂಗಳುಗಳೇ ಹಿಡಿಯುತ್ತವೆ, ಆರಂಭದಲ್ಲೇ ಹೇಳಿಡಿ.

ಕಾನೂನಿನ ಕಡೆ. ಕಟ್ಟಡ ಸಂರಕ್ಷಣೆಯ ಪಟ್ಟಿಯಲ್ಲಿದ್ದರೆ ಅದರ ಒಳಾಂಗಣವೂ ಪಟ್ಟಿಯಲ್ಲಿದೆ, ವಿವರಣೆಯಲ್ಲಿ ಒಳಗಿನ ಪ್ರಸ್ತಾಪ ಇರಲಿ ಬಿಡಲಿ. 1990ರ ಕಾಯ್ದೆಯಡಿ ಅನುಮತಿಯಿಲ್ಲದೆ ಬದಲಾಯಿಸುವುದು ಕ್ರಿಮಿನಲ್ ಅಪರಾಧ. ಎರಡು ವರ್ಷದವರೆಗೆ ಸೆರೆ, ಮಿತಿಯಿಲ್ಲದ ದಂಡ. ಸಂರಕ್ಷಣಾ ಅನುಮತಿಯ ಅರ್ಜಿಗೆ ಇಂಗ್ಲೆಂಡಿನಲ್ಲಿ ಶುಲ್ಕವಿಲ್ಲ, ಆದ್ದರಿಂದ ಕೇಳದಿರಲು ಕಾರಣವೂ ಇಲ್ಲ. ಕೆಲವು ಕ್ರೈಸ್ತ ಪಂಥಗಳಿಗೆ ಈ ಅನುಮತಿಯಿಂದ ವಿನಾಯಿತಿ ಇದೆ, ದೇವಸ್ಥಾನಗಳಿಗಿಲ್ಲ. ಬಳಕೆ ಬದಲಿಸಲೂ ಯೋಜನಾ ಅನುಮತಿ ಬೇಕು, ಏಕೆಂದರೆ 2020ರ ಸೆಪ್ಟೆಂಬರ್‌ನಿಂದ ಇಂಗ್ಲೆಂಡಿನಲ್ಲಿ ಚಿತ್ರಮಂದಿರ ಯಾವ ವರ್ಗಕ್ಕೂ ಸೇರದ ಪ್ರತ್ಯೇಕ ಬಳಕೆ. ರಂಗಮಂದಿರಗಳ ರಕ್ಷಣೆಗೆ ಸಲಹೆ ಕೊಡುವ ಥಿಯೇಟರ್ಸ್ ಟ್ರಸ್ಟ್ ಮತ್ತು ಹಳೆಯ ಚಿತ್ರಮಂದಿರಗಳಿಗಾಗಿ 1967ರಿಂದ ಕೆಲಸ ಮಾಡುತ್ತಿರುವ ಸಿನಿಮಾ ಥಿಯೇಟರ್ ಅಸೋಸಿಯೇಷನ್ ಎರಡರ ಹತ್ತಿರವೂ ಅರ್ಜಿಗೆ ಮೊದಲೇ ಮಾತಾಡಿ. ಆಮೇಲೆ ಆಕ್ಷೇಪವಾಗಿ ಬರುವುದು ಮೊದಲೇ ಸಲಹೆಯಾಗಿ ಬರುತ್ತದೆ.

ಕೌನ್ಸಿಲ್‌ನವರಲ್ಲಿ ನಮ್ಮ ವಿನಂತಿಗಳು. ಹೊಸ ಬಳಕೆಗೆ ಅನುಮತಿ ಕೊಡುವಾಗ ಒಳಚಾವಣಿಯ ಸಮೀಕ್ಷೆ, ದೋಣಿ ಶುಚಿಯ ವಾರ್ಷಿಕ ಕರಾರು ಇವೆರಡನ್ನು ಜನ ಒಳಹೋಗುವ ಮೊದಲಿನ ಷರತ್ತಾಗಿ ಬರೆಯಿರಿ. ಮುಂಗೋಡೆ ಮಾತ್ರ ಉಳಿಸುವ ಯೋಜನೆಯನ್ನು ಸಂರಕ್ಷಣೆ ಎಂದು ಒಪ್ಪಬೇಡಿ. ವಾಲ್ತಮ್‌ಸ್ಟೋದ 1930ರ ಗ್ರನಾಡಾ 2003ರಲ್ಲಿ ಮುಚ್ಚಿ, ರಂಗಮಂದಿರವಾಗಿ ಮತ್ತೆ ತೆರೆದದ್ದು 2025ರಲ್ಲಿ. ಅಷ್ಟು ಕಾಲ ಮುಚ್ಚಿದ ಕಟ್ಟಡದ ಸೂರನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲಿದೆ. ಖಾಲಿ ಕಟ್ಟಡದ ತುರ್ತು ಕೆಲಸವನ್ನು 1990ರ ಕಾಯ್ದೆಯ 54ನೇ ಸೆಕ್ಷನ್ನಿನಡಿ ನೀವೇ ಮಾಡಿಸಿ ಮಾಲೀಕರಿಂದ ಹಣ ವಸೂಲು ಮಾಡಬಹುದು, 48ನೇ ಸೆಕ್ಷನ್ನಿನಡಿ ದುರಸ್ತಿ ನೋಟಿಸು ಕೊಡಬಹುದು. ಒಂದು ದೋಣಿ ತೆರವು ಮಾಡಿಸುವ ಖರ್ಚಿಗೆ ಹೆದರಿ ಈ ಅಧಿಕಾರವನ್ನು ಬಳಸದಿದ್ದರೆ ಕೆಲವೇ ಚಳಿಗಾಲಗಳಲ್ಲಿ ಇಡೀ ಚಾವಣಿ ಹೋಗುತ್ತದೆ. 2011ರ ಕಾಯ್ದೆಯಂತೆ ಕಟ್ಟಡವನ್ನು ಸಮುದಾಯದ ಆಸ್ತಿಯೆಂದು ದಾಖಲಿಸಲು ಸಂಘಗಳು ಅರ್ಜಿ ಹಾಕಿದಾಗ, ಅವರ ಭಾಷೆ, ಧರ್ಮ ಯಾವುದೇ ಇರಲಿ, ಅವರನ್ನು ಈ ಕಟ್ಟಡಗಳ ಮುಂದಿನ ಕಾವಲುಗಾರರೆಂದೇ ನಡೆಸಿಕೊಳ್ಳಿ.

ಸಂಘಗಳ ಖಜಾಂಚಿಗಳಿಗೆ ಕಡೆಯ ಮಾತು: ದೇಣಿಗೆ ಕೇಳುವ ಪತ್ರದಲ್ಲಿ ಸೂರು ಮತ್ತು ಒಳಚಾವಣಿಯ ಲೆಕ್ಕವನ್ನು ಮೊದಲ ಸಾಲಿನಲ್ಲಿ, ಪ್ರತ್ಯೇಕ ನಿಧಿಯಾಗಿ ತೋರಿಸಿ. ದಾನಿಗಳ ಹೆಸರಿನ ಫಲಕ ಕುರ್ಚಿಗೆ, ದೀಪಕ್ಕೆ ಹಾಕುವ ರೂಢಿಯಿದೆ, ದೋಣಿಗೂ ಹಾಕಬಹುದು. ಸಮೀಕ್ಷೆಯ ವರದಿ ಕೈಸೇರುವವರೆಗೆ ಮಾರಾಟದ ಕರಾರಿಗೆ ಸಹಿ ಮಾಡಬೇಡಿ.

ಇತಿ,
ಹಳೆಯ ಕಟ್ಟಡಗಳ ದುರಸ್ತಿ ಕೆಲಸದಲ್ಲಿರುವ ಕನ್ನಡಿಗರು